ತೆಗೆಯುವುದೆಂದರೆ

ಎರಡು ಸಲ ವಿಚಾರಿಸದೆ ಒಂದು ಸಾಲನ್ನೂ ಬರೆಯಬಾರದು ಎಂಬುದು ನಮ್ಮ ಪತ್ರಿಕೆಯ ಕಸುಬಿನ ಮೊದಲ ಪಾಠ. ಮನೆಯಲ್ಲಿ ಎರಡನೇ ಸಲ ವಿಚಾರಿಸಿದರೆ "ಕಿವಿ ಕೇಳಸಂಗಿಲ್ಲೇನ್ರೀ?" ಎನ್ನುತ್ತಾರೆ. ಹೀಗಾಗಿ ಆ ಪಾಠವನ್ನು ನಾನು ಚಪ್ಪಲಿಯ ಜೊತೆ ಹೊಸ್ತಿಲಾಚೆಯೇ ಬಿಟ್ಟು ಒಳಗೆ ಬರುತ್ತೇನೆ.

ನರೇಗಲ್ಲಿನ ನಮ್ಮ ಹಿತ್ತಲಲ್ಲಿ ಹೆಂಡತಿ ಶಾರದಾ ನೆರಳುಪರದೆಯ ಕೆಳಗೆ ಮೆಣಸಿನ ಸಸಿ ಬೆಳೆಸುತ್ತಾಳೆ. ಅವಕ್ಕೆ ಹೊತ್ತುಹೊತ್ತಿಗೆ ತುಂತುರು ನೀರು ಬಿಡಲು ಅವಳ ತಮ್ಮ ಮಲ್ಲಣ್ಣ ಸಾಬೂನಿನ ಡಬ್ಬಿಯಷ್ಟು ಗಾತ್ರದ ಕಂಪ್ಯೂಟರ್ ಕೂಡಿಸಿದ್ದಾನೆ. ಅದಕ್ಕೆ ಸ್ವಂತ ಪರದೆಯಿಲ್ಲ, ಮೌಸಿಲ್ಲ. ಲ್ಯಾಪ್‌ಟಾಪ್ ಜೋಡಿಸಿ ಕಪ್ಪು ಪರದೆಯ ಮೇಲೆ ಆಜ್ಞೆ ಟೈಪ್ ಮಾಡಬೇಕು. 'ಎಲ್‌ಎಸ್' ಎಂದರೆ ಫೈಲುಗಳ ಹೆಸರು ಹೇಳುತ್ತದೆ, 'ಕ್ಯಾಟ್' ಎಂದರೆ ಒಳಗಿರುವುದನ್ನು ತೋರಿಸುತ್ತದೆ, 'ಆರ್‌ಎಂ' ಎಂದರೆ ಅಳಿಸುತ್ತದೆ. ಮಜಾ ಏನೆಂದರೆ ಇವು ಬೇರೆ ಬೇರೆ ಪ್ರೋಗ್ರಾಮುಗಳಲ್ಲ. ಜಾಗ ಕಡಿಮೆಯೆಂದು ಒಂದೇ ಪುಟ್ಟ ಪ್ರೋಗ್ರಾಮು ಅಷ್ಟೂ ಹೆಸರಿಗೆ ಓಗೊಡುತ್ತದೆ. ಇದನ್ನು ತಿಳಿದಾಗ ನನಗೆ ಬಂಧುವೊಬ್ಬ ಸಿಕ್ಕಂತಾಯಿತು. ನಮ್ಮ ಪತ್ರಿಕೆಯಲ್ಲಿ 'ಕೃಷಿ ವರದಿಗಾರ', 'ಕ್ರೀಡಾ ಪ್ರತಿನಿಧಿ', 'ನಮ್ಮ ಛಾಯಾಗ್ರಾಹಕ' ಎಂದು ಬರುವವರೆಲ್ಲ ನಾನೊಬ್ಬನೇ. ಒಂದೇ ವ್ಯತ್ಯಾಸ: ಅದು ಕೆಲಸ ಮುಗಿಸಿದ ಮೇಲೆ ಚಕಾರ ಎತ್ತುವುದಿಲ್ಲ.

ಮೊನ್ನೆ ಉರಿಬಿಸಿಲಿನ ಮಧ್ಯಾಹ್ನ ತುಂತುರು ನಿಂತಿತು. ಮರುದಿನ ಸೂಡಿಯ ರೈತರು ಸಸಿ ಒಯ್ಯಲು ಬರುವವರಿದ್ದರು. ಎಲೆಗಳು ಆಗಲೇ ಜೋತುಬಿದ್ದಿದ್ದವು. ಮಲ್ಲಣ್ಣನಿಗೆ ಫೋನ್ ಮಾಡಿದರೆ ನರಗುಂದದ ಬಸ್ಸಿನಲ್ಲಿದ್ದ. "ಗಾಬರಿ ಆಗಬ್ಯಾಡ್ರಿ ಮಾಮಾ. ಟೈಮ್ ಅಂತ ಒಂದ್ ಫೈಲ್ ಐತಿ. ಅದನ್ನ ತಗೀರಿ" ಎಂದ. ಲೈನ್ ಕಟ್ಟಾಯಿತು.

ತೆಗೆದೆ. ಆರ್‌ಎಂ ಟೈಮ್ ಎಂದು ಹೊಡೆದು ಎಂಟರ್ ಒತ್ತಿದೆ. 'ಖರೇನಾ?' ಎಂದು ಅದು ಕೇಳಲಿಲ್ಲ, ಆಯಿತೆಂದೂ ಹೇಳಲಿಲ್ಲ. ಗೆರೆಯೊಂದು ಮಿಟುಕುತ್ತಿತ್ತು. ಪತ್ರಿಕೆಯವನಿಗೆ ಮೌನದಂಥ ಭಯ ಬೇರೆಯಿಲ್ಲ. ವರದಿ ಚೆನ್ನಾಗಿದ್ದರೂ ಯಾರೂ ಮಾತಾಡುವುದಿಲ್ಲ, ಓದಿದವರು ಮಾನನಷ್ಟದ ಕೇಸು ಹಾಕಲು ವಕೀಲರ ಮನೆಗೆ ಹೋಗಿದ್ದರೂ ಮಾತಾಡುವುದಿಲ್ಲ.

ಮಲ್ಲಣ್ಣನ ಫೋನ್ ಬಂತು. "ತಗದ್ರ್ಯಾ ಮಾಮಾ?"

"ತಗದೆ."

"ಏನೈತಿ?"

"ಏನೂ ಇಲ್ಲ."

"ಏನೂ ಇಲ್ಲಂದ್ರ? ಹ್ಯಾಂಗ ತಗದ್ರಿ?"

ಹೇಳಿದೆ. ಅವನು ಬಸ್ಸಿನ ಹಾರ್ನಿಗಿಂತ ಜೋರಾಗಿ, "ಬಾಗಲಾ ತಗೀರಿ ಅಂದ್ರ ಕಿತ್ತ್ ಒಗಿತೀರೇನ್ ಮಾಮಾ? ಓದಾಕ ತಗೀರಿ ಅಂದಿದ್ದೆ. ನೀರು ಬಿಡೂ ಹೊತ್ತೆಲ್ಲಾ ಅದರಾಗ ಇತ್ತು. ಮುಟ್ಟಬ್ಯಾಡ್ರಿ, ಬಂದ್ ಮತ್ತ ಬರಿತೀನಿ" ಎಂದ.

ಅವನು ಬರುವಷ್ಟರಲ್ಲಿ ಸಸಿ ಉಳಿಯಬೇಕಲ್ಲ? ಹಿತ್ತಲಿನಿಂದ ಶಾರದಾ ಕೂಗಿದಳು: "ಆ ಡಬ್ಬಿ ಸಾಯ್ಲಿ! ಟ್ಯಾಂಕಿನ ಹಿಂದ ಕೈಲೆ ತಿರಗಸೂ ವಾಲ್ ಐತಲ್ಲ, ಲಗೂನ ತಗೀರಿ!"

ಓಡಿದೆ. ವಾಲ್ವಿನ ಮೇಲೆ ಕೈಯಿಟ್ಟಾಗ ಕಸುಬಿನ ಪಾಠ ನೆನಪಾಯಿತು. "ತಗೀರಿ ಅಂದ್ರ, ನೀರು ಬಿಡೂದು ಹೌದಲ್ಲ?"

"ಅಲ್ಲ, ಕಿತ್ತು ಕೊರಳಾಗ ಕಟಗೋರಿ!"

ತುಂತುರು ಚಿಮ್ಮಿತು. ಇಳಿಹೊತ್ತಿಗೆ ಎಲೆಗಳು ನೆಟ್ಟಗಾದವು. ಮಲ್ಲಣ್ಣ ಬಂದು ಫೈಲ್ ಮತ್ತೆ ಬರೆದುಕೊಟ್ಟ; ಆದರೆ ಶಾರದಾಗೆ ಆ ಡಬ್ಬಿಯ ಮೇಲೆ ನಂಬಿಕೆ ಹೋಗಿದೆ. ಈಗ ಹೊತ್ತುಹೊತ್ತಿಗೆ ವಾಲ್ ತಿರುಗಿಸುವವನೂ ನಾನೇ. ನನ್ನ ಹೆಸರುಗಳ ಸಾಲಿಗೆ ಇನ್ನೊಂದು ಸೇರಿದೆ. ಅವಳು ಕೂಗಿದಾಗ ಓಗೊಡುತ್ತೇನೆ. ಕೆಲಸ ಮುಗಿಸಿದ ಮೇಲೆ ಚಕಾರ ಎತ್ತುವುದಿಲ್ಲ.