ಉಣ್ಣುವ ಕೈ ಮತ್ತು ಕೆಲಗೇರಿಯ ದೋಣಿ

ನನ್ನಲ್ಲೊಂದು ಊನವಿದೆ. ಹೊರಗೆ ಕಾಣುವಂಥದ್ದಲ್ಲವಾದ್ದರಿಂದ ಹೆಣ್ಣು ಕೊಡುವಾಗ ಮಾವನವರಿಗೂ ಗೊತ್ತಾಗಲಿಲ್ಲ, ಕೆಲಸ ಕೊಡುವಾಗ ಕಾಲೇಜಿನವರಿಗೂ ಗೊತ್ತಾಗಲಿಲ್ಲ. ಎಡ ಯಾವುದು, ಬಲ ಯಾವುದು ಎಂಬುದು ನನಗೆ ತಟ್ಟನೆ ತಿಳಿಯುವುದಿಲ್ಲ. ನಗಬೇಡಿ, ಸಾವಕಾಶ ಕೊಟ್ಟರೆ ತಿಳಿಯುತ್ತದೆ. ಕಣ್ಣು ಮುಚ್ಚಿಕೊಂಡು, ಮುಂದೆ ತಾಟು, ತಾಟಿನಲ್ಲಿ ಬಿಸಿ ಜೋಳದ ರೊಟ್ಟಿ, ಪಕ್ಕದಲ್ಲಿ ಬದನೆಕಾಯಿ ಪಲ್ಯ ಎಂದು ಭಾವಿಸಿಕೊಳ್ಳುತ್ತೇನೆ. ರೊಟ್ಟಿ ಮುರಿಯಲು ಯಾವ ಕೈ ಮುಂದಾಗುತ್ತದೆಯೋ ಅದು ಬಲಗೈ. ಈ ಪರೀಕ್ಷೆ ಒಮ್ಮೆಯೂ ಸುಳ್ಳಾಗಿಲ್ಲ. ಆದರೆ ಯಾರಾದರೂ ಅವಸರ ಮಾಡಿದರೆ ರೊಟ್ಟಿ ಬರುವುದರೊಳಗೆ ಕೈಕಾಲುಗಳು ತಮ್ಮ ತೀರ್ಮಾನ ಮಾಡಿಬಿಟ್ಟಿರುತ್ತವೆ, ಆ ತೀರ್ಮಾನ ತಪ್ಪದೆ ಉಲ್ಟಾ ಆಗಿರುತ್ತದೆ. ಒಮ್ಮೆಯಾದರೂ ಅಪ್ಪಿತಪ್ಪಿ ಸರಿಯಾಗಬೇಕಲ್ಲ? ಇಲ್ಲ. ಸಾಲೆಯ ಕವಾಯತಿನಲ್ಲಿ ಇಡೀ ವರ್ಗ ಅತ್ತ ತಿರುಗಿದರೆ ನಾನೊಬ್ಬ ಇತ್ತ ತಿರುಗಿ, ಪಕ್ಕದವನ ಮೂಗಿಗೆ ಮೂಗು ತಾಗಿಸಿ ನಿಂತಿರುತ್ತಿದ್ದೆ. ಟಾಂಗಾದವನಿಗೆ ದಾರಿ ಹೇಳುವ ಅಧಿಕಾರವನ್ನು ನನ್ನ ಹೆಂಡತಿ ಸುಮಿತ್ರಾ ಮದುವೆಯಾದ ಎರಡನೆಯ ವಾರವೇ ಕಸಿದುಕೊಂಡಳು. “ಅಲ್ರೀ, ನಮ್ಮ ಮನಿ ಎಲ್ಲೈತಿ ಅನ್ನೂದರ ನಿಮಗ ಗೊತ್ತೈತಿಲ್ಲೋ?” ಎಂದು ಟಾಂಗಾದವನ ಎದುರಿಗೇ ಕೇಳಿದ್ದಳು.

ಇಂಥ ನಾನು ಧಾರವಾಡದ ಒಂದು ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುತ್ತಿದ್ದೆ. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕೆಲಸ ಹಂಗಾಮಿ. ಪ್ರತಿ ಬೇಸಿಗೆಯಲ್ಲಿ ತೆಗೆದುಹಾಕಿ, ಮಳೆಗಾಲದಲ್ಲಿ ಮತ್ತೆ ಕರೆಯುತ್ತಿದ್ದರು. ಈ ಸಲವಾದರೂ ಖಾಯಂ ಆಗದಿದ್ದರೆ ನಾವು ಗಂಟುಮೂಟೆ ಕಟ್ಟಿಕೊಂಡು ಮಾವನವರ ಊರಿಗೆ ಹೋಗಿ, ಅವರ ಅಡಿಕೆ-ಎಲೆ ಅಂಗಡಿಯಲ್ಲಿ ಕೂಡ್ರುವುದೆಂದು ಮನೆಯಲ್ಲಿ ಮಾತಾಗಿತ್ತು. ಅಷ್ಟರಲ್ಲಿ ಒಬ್ಬ ದೇಸಾಯರು ಕಾಲೇಜಿಗೆ ಒಂದು ಮೋಟಾರು ದೋಣಿಯನ್ನು ದಾನ ಮಾಡಿದರು. ಅದೇನು ಸಾದಾ ದೋಣಿಯಲ್ಲ. ಕಾಲಿಗೆ ಹಲಗೆ ಕಟ್ಟಿಕೊಂಡು ನೀರಿನ ಮೇಲೆ ನಿಂತ ಮನುಷ್ಯನನ್ನು ಹಗ್ಗದಿಂದ ಎಳೆದುಕೊಂಡು ಓಡುವ ದೋಣಿ. ಮುಂಬೈಯಲ್ಲಿ ಆ ಆಟ ನೋಡಿ ಮರುಳಾಗಿ ದೇಸಾಯರು ಹಳೆಯದೊಂದನ್ನು ತರಿಸಿದ್ದರಂತೆ. ಎರಡು ಸಲ ಹಲಗೆ ಕಟ್ಟಿಕೊಂಡು, ಎರಡೂ ಸಲ ಹೊಟ್ಟೆ ತುಂಬ ನೀರು ಕುಡಿದ ಮೇಲೆ ಅವರಿಗೆ ವಿದ್ಯಾದಾನದ ಮಹತ್ವ ಹೊಳೆಯಿತು. ದೋಣಿ ಎತ್ತಿನ ಬಂಡಿ ಏರಿ ಕೆಲಗೇರಿ ಕೆರೆಗೆ ಬಂತು.

ಅದರ ಉಸ್ತುವಾರಿ ನನ್ನ ತಲೆಗೆ ಯಾಕೆ ಬಂತೆಂದರೆ, ಒಂದು ದಿನ ಸೈಕಲ್ಲಿನ ಚೈನು ಏರಿಸುತ್ತಿದ್ದ ನನ್ನನ್ನು ನಮ್ಮ ಪ್ರಿನ್ಸಿಪಾಲರು ನೋಡಿದ್ದರು. “ನಿಮಗ ಯಂತ್ರದ ಕೆಲಸ ಬರ್ತದ. ದೋಣಿ ನೀವ ನೋಡ್ಕೋರಿ. ದೇಸಾಯರು ಬಂದು ಕೂತು ಒಂದು ಸುತ್ತು ಹಾಕಿದ್ರಂದ್ರ, ಆಡಳಿತ ಮಂಡಳಿಯೊಳಗ ನಿಮ್ಮ ಖಾಯಂ ಮಾತು ಎತ್ತಲಿಕ್ಕೆ ನನಗೂ ಬಾಯಿ ಬರ್ತದ” ಎಂದರು. ಬರುವುದಿಲ್ಲ ಎನ್ನಲು ಬಾಯಿ ತೆರೆದವನು ಖಾಯಂ ಎಂಬ ಶಬ್ದ ಕೇಳಿ ಹಾಗೇ ಮುಚ್ಚಿದೆ.

ದೋಣಿಯ ಚುಕ್ಕಾಣಿ ಚಕ್ರ ಹಿಡಿದು ತಿರುಗಿಸಿ ನೋಡಿದೆ. ಅದು ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ಚಕ್ರದ ಹಿಂದೆ ಒಂದು ಉರುಳೆ, ಉರುಳೆಗೆ ಸುತ್ತಿದ ತಂತಿಹಗ್ಗ, ಅದು ದೋಣಿಯ ಎರಡೂ ಬದಿಯ ಗಾಲಿಗಳ ಮೇಲೆ ಹಾದು ಹಿಂದಿನ ಇಂಜಿನ್ನಿಗೆ ಹೋಗಿ ಅದನ್ನು ಆಚೀಚೆ ಹೊರಳಿಸಬೇಕು. ತಂತಿ ತುಕ್ಕು ತಿಂದು ಸೆಟೆದುಕೊಂಡಿತ್ತು. ಹುಬ್ಬಳ್ಳಿಯ ಕಮರಿಪೇಟೆಯಿಂದ ಖಾದರಸಾಬರನ್ನು ಕರೆಸಿದೆ. ಬಾವಿಯ ಪಂಪು, ಗಿರಣಿಯ ಇಂಜಿನ್ನು ಎಲ್ಲವನ್ನೂ ದುರಸ್ತಿ ಮಾಡುವ, ಸುತ್ತಮುತ್ತ ಹೆಸರಾದ ಮೇಸ್ತ್ರಿ. ದೋಣಿ ಮಾತ್ರ ಅವರಿಗೂ ಹೊಸದು. ಸುತ್ತಲೂ ಒಮ್ಮೆ ನಡೆದು, “ನೀರಾಗಿನ ಟಾಂಗಾ ಐತ್ರಿ ಇದು. ಲಗಾಮು ಜಂಗ ಹಿಡದೈತಿ, ಅಷ್ಟ” ಎಂದರು. ನನಗೆ ಧೈರ್ಯ ಬಂತು.

ಹೊಸ ತಂತಿಹಗ್ಗ ತಂದರು. ಚಕ್ರದ ಹಿಂದಿನ ಪುಟ್ಟ ಗೂಡಿನೊಳಗೆ ನುಸುಳಿ, ನನಗೆ ಎದುರಾಗಿ ಕೂತು, ಹಳೆಯದನ್ನು ಕತ್ತರಿಸುವ ಮೊದಲು ಕೇಳಿದರು: “ಸರ, ಇಲ್ಲಿ ಕತ್ತಲ ಐತಿ, ನನಗ ಕಾಣವಲ್ದು. ಹಳೇದು ಯಾ ಕಡೆ ಸುತ್ತೇತಿ, ನೋಡಿ ಹೇಳ್ರಿ.” ನಾನು ಕಣ್ಣು ಮುಚ್ಚಿ ರೊಟ್ಟಿ ನೆನೆದೆ, ಕಣ್ಣು ತೆರೆದು ತಂತಿ ನೋಡಿದೆ, ಮತ್ತೊಮ್ಮೆ ಮುಚ್ಚಿ ಖಾತ್ರಿ ಮಾಡಿಕೊಂಡೆ. ಎಡ-ಬಲ ಎಂದರೆ ಎಲ್ಲಿ ಎಡವಟ್ಟಾಗುತ್ತದೋ ಎಂದು, ಲೋಕದಲ್ಲಿ ಯಾರೂ ತಪ್ಪು ತಿಳಿಯಲಾಗದಂತೆ, “ಉಣ್ಣೂ ಕೈ ಕಡೆಗೆ ಐತ್ರಿ ಖಾದರಸಾಬ್ರ” ಎಂದೆ. “ಛಲೋ ಆತ್ರಿ” ಎಂದು ಅವರು ಹೊಸದನ್ನು ಉಣ್ಣುವ ಕೈ ಕಡೆಗೇ ಸುತ್ತಿದರು. ಅಂದರೆ ತಮ್ಮ ಉಣ್ಣುವ ಕೈ ಕಡೆಗೆ. ನನಗೆ ಎದುರಾಗಿ ಕೂತವರ ಉಣ್ಣುವ ಕೈ ಯಾವ ಕಡೆಗೆ ಬರುತ್ತದೆಂದು ತರ್ಕಶಾಸ್ತ್ರದ ಮಾಸ್ತರನಿಗೂ ಹೊಳೆಯಲಿಲ್ಲ, ಆ ದೊಡ್ಡ ಮೇಸ್ತ್ರಿಗೂ ಹೊಳೆಯಲಿಲ್ಲ.

ಮರುದಿನ ಪರೀಕ್ಷೆ. ಇಂಜಿನ್ನು ಜೋರಾದ ಕೂಡಲೇ ಆ ದೋಣಿಯ ಮೂತಿ ಮೇಲಕ್ಕೇಳುತ್ತಿತ್ತು. ನನ್ನ ಎತ್ತರ ಹೇಳಿಕೊಳ್ಳುವಂಥದ್ದಲ್ಲ, ಚಕ್ರದ ಮುಂದೆ ಕೂತರೆ ಎದುರಿಗೆ ಬರೀ ಆಕಾಶ. ಹಾಗಾಗಿ ಖಾದರಸಾಬರು ಮುಂದೆ ಕೂತು, “ಎಡಕ್ಕ ಸರ! ಲಗೂ ಎಡಕ್ಕ! ಈಗ ಬಲಕ್ಕ!” ಎಂದು ಕೂಗುವುದು, ನಾನು ತಿರುಗಿಸುವುದು ಎಂದಾಯಿತು. ಎಂಥ ಸೊಗಸು! ಎಡಕ್ಕೆಂದರೆ ಎಡಕ್ಕೆ, ಬಲಕ್ಕೆಂದರೆ ಬಲಕ್ಕೆ. ಜನ್ಮದಲ್ಲೇ ಮೊದಲ ಸಲ ನಾನು ಅವಸರದಲ್ಲೂ ತಪ್ಪಲಿಲ್ಲ. ನೀರಿನ ಗಾಳಿಯಿಂದ ಊನ ವಾಸಿಯಾಗಿರಬೇಕೆಂದುಕೊಂಡೆ. ದಂಡೆಯಲ್ಲಿದ್ದ ಪ್ರಿನ್ಸಿಪಾಲರು ಚಪ್ಪಾಳೆ ತಟ್ಟಿದರು. ಮನೆಗೆ ಬಂದು ಸುಮಿತ್ರಾಗೆ ಹೇಳಿದರೆ ಅವಳು ನಂಬದೆ, “ಖರೇನ? ಹಂಗಾರ ಉಪ್ಪಿನ ಡಬ್ಬಿ ಬಲಗಡೆ ಐತಿ, ಲಗೂ ಕೊಡ್ರಿ” ಎಂದಳು. ನಾನು ಬೆಲ್ಲದ ಡಬ್ಬಿ ಕೊಟ್ಟೆ. ಆಗಲೇ ನನಗೆ ಸಂಶಯ ಬರಬೇಕಿತ್ತು.

ದೇಸಾಯರು ಬಂದ ದಿನ ನಾನು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಹೋದೆ. ಪ್ರಿನ್ಸಿಪಾಲರು ದಾರಿ ಕೂಗಲು ತಾವೇ ಮುಂದೆ ಕೂತರು. ದೇಸಾಯರು ನನ್ನ ಹಿಂದೆ ಕೂತರು. ಮೂತಿ ಮೇಲೆದ್ದಿತು. “ಬಲಕ್ಕ ತಗೋರಿ!” ನಾನು ತಿರುಗಿಸಿದೆ. “ಬಲಕ್ಕರೀ, ಬಲಕ್ಕ!” ಇನ್ನೂ ಜೋರಾಗಿ ತಿರುಗಿಸಿದೆ. “ಅಯ್ಯೋ, ಎಮ್ಮಿ! ಎಮ್ಮಿ!” ಎಮ್ಮೆ ಎಂಬುದು ಎಡವೋ ಬಲವೋ? ಗಾಬರಿಯಲ್ಲಿ ರೊಟ್ಟಿಯೂ ನೆನಪಾಗಲಿಲ್ಲ. ಹಾಯಾಗಿ ನೀರಿನಲ್ಲಿ ಮಲಗಿದ್ದ ಎಮ್ಮೆಗಳು ನಮಗಿಂತ ಬುದ್ಧಿಯುಳ್ಳವು, ಎದ್ದು ದಾರಿ ಬಿಟ್ಟವು. ದೋಣಿ ಅವುಗಳ ಜಾಗ ಹಿಡಿಯಿತು. ಕೆಸರಿಗೆ ಹೊಡೆದು ನಿಂತ ಏಟಿಗೆ ಪ್ರಿನ್ಸಿಪಾಲರು ಮುಂದಕ್ಕೆ ಹಾರಿ, ಮುಳುಗಿ ಎದ್ದು, ಸೊಂಟದುದ್ದ ನೀರಿನಲ್ಲಿ ಪೇಟದ ಸಮೇತ ನಿಂತರು. ದೇಸಾಯರು ಮಾತ್ರ ಎರಡೂ ಕೈಯಿಂದ ನನ್ನ ಕೋಟು ಹಿಡಿದುಕೊಂಡು ಒದ್ದೆಯಾಗದೆ ಉಳಿದಿದ್ದರು.

ದಂಡೆಯಿಂದ ಖಾದರಸಾಬರು ಓಡಿಬಂದರು. ಮುಖ ಬಿಳಿಚಿಕೊಂಡಿತ್ತು. “ತಪ್ಪು ನಂದ್ರಿ ಸಾಹೇಬ್ರ! ಮೊದಲ ನಾ ತಂತಿ ಉಲ್ಟಾ ಸುತ್ತಿದ್ನಿರಿ. ನಿನ್ನಿ ಎಣ್ಣಿ ಬಿಡಾಕ ಬಂದಾಗ ಗೊತ್ತಾತು. ಊರ ಮಂದಿ ಏನಂದಾರು ಅಂತ ನಾಚಿಕಿ ಆಗಿ, ಯಾರಿಗೂ ಹೇಳದ ಸರಿ ಮಾಡಿಟ್ಟಿನ್ರಿ. ಈಗ ಖರೇನ ಸರಿ ಐತ್ರಿ. ಆದ್ರ ಹಿಂಗ ಯಾಕಾತು, ಅಲ್ಲಾನ ಆಣಿ, ನನಗ ತಿಳೀವಲ್ದು.” ಪ್ರಿನ್ಸಿಪಾಲರು ಪೇಟ ಹಿಂಡುತ್ತ ನನ್ನ ಕಡೆ ತಿರುಗಿದರು. “ಉಲ್ಟಾ ಇದ್ದಾಗ ಸರಿ ಹೋತು, ಸರಿ ಮಾಡಿದ ಮ್ಯಾಲೆ ಉಲ್ಟಾ ಹೋತು. ಇದು ಯಾವ ತರ್ಕಶಾಸ್ತ್ರರೀ?”

ಸುಮ್ಮನಿದ್ದಿದ್ದರೆ ಆಗುತ್ತಿತ್ತು. ತಪ್ಪು ತಮ್ಮದೆಂದು ಖಾದರಸಾಬರು ಒಪ್ಪಿಕೊಂಡಾಗಿತ್ತು. ಖಾಯಂ ನೌಕರಿಗೂ ನನಗೂ ನಡುವೆ ಒಂದು ಮೌನವಷ್ಟೇ ಇತ್ತು. ಆದರೆ ಆ ಮನುಷ್ಯ ತನ್ನ ಕೈಗಳನ್ನೇ ತಿರುವಿ ತಿರುವಿ ನೋಡಿಕೊಳ್ಳುತ್ತಿದ್ದ. ಆ ಕಂಗಾಲುತನ ನನಗೆ ಬಾಲ್ಯದಿಂದ ಪರಿಚಿತ. “ತಪ್ಪು ಅವರದಲ್ರಿ. ದೋಣಿ ಸರಿ ಐತಿ. ಉಲ್ಟಾ ಇರಾಂವ ನಾನು. ಎರಡೂ ಉಲ್ಟಾ ಇದ್ದಾಗ ಸರಿ ಹೋತು” ಎಂದು ರೊಟ್ಟಿಯಿಂದ ಹಿಡಿದು ಬೆಲ್ಲದ ಡಬ್ಬಿಯವರೆಗೆ ಎಲ್ಲ ಒದರಿಬಿಟ್ಟೆ. ದೇಸಾಯರು ಹೊಟ್ಟೆ ಹಿಡಿದುಕೊಂಡು ನಕ್ಕರು, ಎರಡು ಸಲ ನೀರು ಕುಡಿದವರಿಗೆ ಇನ್ನೊಬ್ಬರು ತೊಯ್ದದ್ದು ಎಷ್ಟು ಹಿತವೋ! ಪ್ರಿನ್ಸಿಪಾಲರು ನಗಲಿಲ್ಲ. ಹಿಂಡಿದ ಪೇಟವನ್ನು ತಲೆಗಿಟ್ಟುಕೊಂಡು, “ತರ್ಕಾ ಕಲಿಸಲಿಕ್ಕೆ ಎಡ-ಬಲ ಬೇಕಾಗಿಲ್ಲ. ಖರೇ ಹೇಳಿದ್ರಿ, ಅಷ್ಟು ಸಾಕು. ಆದರ ಇನ್ನ ಆ ಚಕ್ರ ಮುಟ್ಟಬ್ಯಾಡ್ರಿ” ಎಂದರು.

ಎರಡು ತಿಂಗಳಿಗೆ ಖಾಯಂ ಮಾಡುವ ಕಾಗದ ಬಂತು. ಕಚೇರಿಯ ಗುಮಾಸ್ತರು ಮೇಜಿನ ಆ ಬದಿಗೆ ಕೂತು, ಕಾಗದ ನನ್ನ ಮುಂದೆ ಸರಿಸಿ, “ಕೆಳಗ ಬಲಕ್ಕ ನಿಮ್ಮ ಸಹಿ ಸರ. ಎಡಕ್ಕ ಪ್ರಿನ್ಸಿಪಾಲರದು” ಎಂದರು. ಈ ಸಲ ನಾನು ಅವಸರ ಮಾಡಲಿಲ್ಲ. ಕಣ್ಣು ಮುಚ್ಚಿ ರೊಟ್ಟಿ ಮುರಿದೆ, ಬಲಗೈ ಖಾತ್ರಿಯಾಯಿತು. ಲೇಖನಿ ಇಡುವಷ್ಟರಲ್ಲಿ ಖಾದರಸಾಬರು ನೆನಪಾದರು. ಎದುರಿಗೆ ಕೂತವರ ಉಣ್ಣುವ ಕೈ ಬೇರೆ ಕಡೆಗಿರುತ್ತದೆ! ಅನುಭವದಿಂದ ಪಾಠ ಕಲಿಯದಿದ್ದರೆ ಓದಿ ಏನು ಬಂತು? ಗುಮಾಸ್ತರ ಉಣ್ಣುವ ಕೈ ಎಲ್ಲಿದೆಯೆಂದು ಚೆನ್ನಾಗಿ ನೋಡಿ, ಅದರ ನೇರಕ್ಕೆ ದಪ್ಪ ಅಕ್ಷರದಲ್ಲಿ ಸಹಿ ಮಾಡಿದೆ. ಪ್ರಿನ್ಸಿಪಾಲರ ಜಾಗದಲ್ಲಿ ಸಹಿ ಹಾಕಿ ನನ್ನನ್ನು ನಾನೇ ಖಾಯಂ ಮಾಡಿಕೊಂಡ ಆ ಕಾಗದ ವಾಪಸು ಹೋಗಿ, ಹೊಸದು ಬರುವವರೆಗೆ ನಾನು ಆ ಬೇಸಿಗೆಯೆಲ್ಲ ಮಾವನವರ ಅಂಗಡಿಯಲ್ಲಿ ಎಲೆ ಒರೆಸುತ್ತ ಕೂತಿದ್ದೆ.