ಅಂಟಾರ್ಕ್ಟಿಕಾ ನುಂಗಿದವನು

ಭೂಮಿ ಪೂರ್ತಿ ಗುಂಡಗಿಲ್ಲ, ಸೊಂಟದ ಹತ್ತಿರ ಒಂಚೂರು ಉಬ್ಬಿದೆ. ಈ ಸತ್ಯದಿಂದ ಯಾರಿಗೂ ಏನೂ ತೊಂದರೆಯಾಗಿರಲಿಲ್ಲ, ಗ್ರಹಚಾರ ಅದನ್ನು ಬಾಯಿಬಿಟ್ಟು ಹೇಳುವವರೆಗೆ.

ಗ್ರಹಚಾರ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಕಾರ್ಖಾನೆಯವರು ಪ್ರೀತಿಯಿಂದ ಇಟ್ಟದ್ದು. ಶಾಲೆಗಳಿಗೆ ಗ್ಲೋಬ್ ಮಾಡಿ ಮಾರುವ ಸಣ್ಣ ಕಾರ್ಖಾನೆ ಅದು. ಹಿಂದಿನ ಕೋಣೆಯಲ್ಲಿ ಬೋಳು ಚೆಂಡುಗಳು ತಯಾರಾಗುತ್ತವೆ, ನಡುವಿನ ಕೋಣೆಯಲ್ಲಿ ಅವುಗಳ ಮೇಲೆ ಭೂಪಟ ಅಂಟಿಸುತ್ತಾರೆ. ನಮ್ಮ ಗ್ರಹಚಾರ ನಡುವಿನ ಕೋಣೆಯವನು. ಕಿತ್ತಳೆ ಸಿಪ್ಪೆಯ ಹಾಗೆ ಉದ್ದುದ್ದ ಕತ್ತರಿಸಿದ ಭೂಪಟದ ಪಟ್ಟಿಗಳಿಗೆ ಮೈದಾ ಅಂಟು ಸವರಿ, ಒಂದರ ಪಕ್ಕ ಒಂದು ಕೂರಿಸಿ, ಕೊನೆಗೆ ನೆತ್ತಿಗೊಂದು ಬುಡಕ್ಕೊಂದು ದುಂಡನೆಯ ಕಾಗದದ ಟೊಪ್ಪಿ ಹಾಕಿದರೆ ಒಂದು ಪ್ರಪಂಚ ಮುಗಿಯಿತು. ಕೈ ಪ್ರಪಂಚವನ್ನು ಅಂಟಿಸುತ್ತಿರುವಾಗ ಬಾಯಿ ಸುಮ್ಮನಿರಬೇಕಲ್ಲ? ಇರುತ್ತಿರಲಿಲ್ಲ.

"ಶುಕ್ರ ಗ್ರಹದಲ್ಲಿ ಒಂದು ವರ್ಷಕ್ಕಿಂತ ಒಂದು ದಿನವೇ ದೊಡ್ಡದು, ಗೊತ್ತಾ?" ಎನ್ನುವನು.

"ನಿನ್ ಪಕ್ಕ ಕೂತ್ರೆ ಇಲ್ಲೂ ಹಂಗೇ ಅನ್ಸುತ್ತೆ ಮಾರಾಯ," ಎನ್ನುವನು ಚೆಂಡು ಮಾಡುವ ಉಂಡೆ. ತಾನು ಮಾಡುವ ಚೆಂಡಿಗಿಂತ ತಾನೇ ಗುಂಡಗಿದ್ದುದರಿಂದ ಅವನಿಗೆ ಆ ಹೆಸರು.

ಹೋದ ವರ್ಷ ಒಬ್ಬ ಗಿರಾಕಿ ಬಂದು ಗ್ಲೋಬ್ ಎತ್ತಿ, "ಆಹಾ, ಎಷ್ಟು ಗುಂಡಗಿದೆ!" ಎಂದಿದ್ದ. ಗ್ರಹಚಾರ ಅಂಟಿನ ಬ್ರಷ್ಷು ಎತ್ತಿಕೊಂಡೇ ಓಡಿಬಂದು ಭೂಮಿಯ ಸೊಂಟದ ಗುಟ್ಟು ಹೇಳಿದ. ಗಿರಾಕಿ, "ಹಂಗಾದ್ರೆ ನಿಮ್ಮ ಮಾಲೆಲ್ಲಾ ತಪ್ಪು ಅಂತಾಯ್ತು," ಎಂದು ಕೊಡೆ ಬಿಚ್ಚಿಕೊಂಡು ಹೊರಟೇ ಹೋದ.

ಈಗ ಹಳೆಯ ಮೇಸ್ತ್ರಿ ಕೆಲಸ ಬಿಟ್ಟಿದ್ದ. ಮೇಸ್ತ್ರಿಗೆ ಒರಗುವ ಕುರ್ಚಿ ಇದೆ. ಅಂಟಿಸುವವರಿಗೆ ಇರುವುದು ಬರೀ ಮುಕ್ಕಾಲಿ. ಅದರ ಮೇಲೆ ಕೂತೂ ಕೂತೂ ಗ್ರಹಚಾರನ ಬೆನ್ನು ಕುಡುಗೋಲಿನಂತಾಗಿತ್ತು. ಆ ಕುರ್ಚಿ ಅವನ ಕನಸಿನಲ್ಲಿ ಬಂದು ಎರಡೂ ಕೈ ಚಾಚಿ ಕರೆಯುತ್ತಿತ್ತು.

"ಕೆಲಸದಲ್ಲಿ ನಿನ್ನಷ್ಟು ಅಚ್ಚುಕಟ್ಟು ಯಾರೂ ಇಲ್ಲ," ಎಂದಿದ್ದರು ಯಜಮಾನರು. "ನಾಳೆ ದೊಡ್ಡ ಗಿರಾಕಿ ಬರ್ತಿದಾರೆ. ನೀನೇ ಎಲ್ಲ ತೋರಿಸು. ಆದ್ರೆ ಬಾಯಿಂದ ಒಂದೇ ಒಂದು ಗ್ರಹ ಹೊರಗೆ ಬಿತ್ತೋ, ಸಾಯೋವರ್ಗೂ ಮುಕ್ಕಾಲೀನೇ ಗತಿ!"

ಬೆಳಿಗ್ಗೆ ಹೆಂಡತಿ ಅವನ ಜೇಬಿಗೆ ಅಂಟು ಚಾಕಲೇಟುಗಳನ್ನು ತುಂಬಿದಳು. "ರೀ, ಹೇಳ್ಬೇಕು ಅನ್ಸಿದಾಗೆಲ್ಲಾ ಒಂದು ಬಾಯಿಗೆ ಹಾಕ್ಕೊಳ್ಳಿ. ಹಲ್ಲು ಕಚ್ಕೊಂಡ್ರೆ ನಾಲಿಗೆ ತಾನೇ ಸುಮ್ನಿರುತ್ತೆ."

"ಇಷ್ಟೊಂದು ಯಾಕೆ?"

"ನಾನು ನಿಮ್ ಜೊತೆ ಸಂಸಾರ ಮಾಡಿದೀನಿ ಕಣ್ರೀ."

ಮೊದಲನೆಯ ಚಾಕಲೇಟು ಬಾಗಿಲಲ್ಲೇ ಖರ್ಚಾಯಿತು. ಎದುರುಮನೆ ಅಜ್ಜಿ ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತಾ, "ಏನ್ ಸೆಕೆಯಪ್ಪಾ! ಬೇಸಿಗೇಲಿ ಭೂಮಿ ಸೂರ್ಯನ ಹತ್ರ ಹೋಗಿಬಿಡುತ್ತಲ್ಲ, ಅದಕ್ಕೇ," ಎಂದರು. ಹತ್ತಿರ ದೂರದ್ದೇನೂ ಇಲ್ಲ ಅಜ್ಜಿ, ಭೂಮಿ ಓರೆಯಾಗಿ ನಿಂತಿರೋದಕ್ಕೆ ಬೇಸಿಗೆ ಬರೋದು! ಮಾತು ಗಂಟಲವರೆಗೆ ಬಂತು. ಚಾಕಲೇಟು ಅದನ್ನು ಕೆಳಗೆ ದಬ್ಬಿತು. ದಬ್ಬುವಾಗ ತಲೆ ಹೂಂ ಎನ್ನುವಂತೆ ಮೇಲೆ ಕೆಳಗೆ ಆಡಿತು.

"ಅಬ್ಬಾ, ಇವತ್ತು ನನ್ ಮಾತು ಒಪ್ಪಿದ!" ಎಂದು ಅಜ್ಜಿ ಬಾಯಿಗೆ ಕೈಯಿಟ್ಟುಕೊಂಡರು.

ಕಾರ್ಖಾನೆಯಲ್ಲಿ ಉಂಡೆ ಕಾಯುತ್ತಿದ್ದ. ಗ್ರಹಚಾರ ಮಧ್ಯಾಹ್ನದೊಳಗೆ ಬಾಯಿ ಬಿಟ್ಟೇ ಬಿಡುತ್ತಾನೆಂದು ಅವನು ಎಲ್ಲರೊಡನೆ ಪಂಥ ಕಟ್ಟಿದ್ದ.

"ಅಣ್ಣಾ, ಶುಕ್ರ ಗ್ರಹದಲ್ಲೂ ಸೂರ್ಯ ಪೂರ್ವದಲ್ಲೇ ಹುಟ್ಟೋದಲ್ವಾ?"

ಪಶ್ಚಿಮ! ಪಶ್ಚಿಮ! ಒಂದು ಚಾಕಲೇಟು.

"ಶನಿ ಗ್ರಹವನ್ನ ನೀರಿಗೆ ಹಾಕಿದ್ರೆ ಗುಂಡುಕಲ್ಲಿನ ಥರ ಮುಳುಗುತ್ತಂತೆ, ಹೌದಾ?"

ಅಷ್ಟು ದೊಡ್ಡ ತೊಟ್ಟಿ ಸಿಕ್ಕಿದರೆ ತೇಲುತ್ತೆ ಕಣೋ, ನೀರಿಗಿಂತ ಹಗುರ! ಎರಡು ಚಾಕಲೇಟು ಒಟ್ಟಿಗೆ. ಗ್ರಹಚಾರನ ಕೆನ್ನೆಗಳು ಈಗ ಭೂಮಿಯ ಸೊಂಟಕ್ಕಿಂತ ಹೆಚ್ಚು ಉಬ್ಬಿದ್ದವು. ಕಣ್ಣಲ್ಲಿ ನೀರು.

"ಗುಟುಕು ನೀರು ಕುಡಿ ಅಣ್ಣಾ, ಸತ್ತುಗಿತ್ತು ಹೋದೀಯ," ಎಂದು ಉಂಡೆಗೇ ಹೆದರಿಕೆಯಾಯಿತು.

ಮಧ್ಯಾಹ್ನದ ಹೊತ್ತಿಗೆ ದೊಡ್ಡ ಗಿರಾಕಿ ಬಂದರು. ಒಳಗೆ ಬಂದದ್ದು ಮೊದಲು ಅವರ ದನಿ, ಆಮೇಲೆ ಹೊಟ್ಟೆ, ಕೊನೆಗೆ ಅವರು. "ನಂಗೆ ಲೋಕಜ್ಞಾನ ಅಂದ್ರೆ ಪ್ರಾಣ!" ಎಂದು ಶುರು ಮಾಡಿದವರು ಉಸಿರಾಡಲಿಕ್ಕೂ ನಿಲ್ಲಲಿಲ್ಲ.

"ಚೀನಾದ ಮಹಾಗೋಡೆ ಚಂದ್ರನ ಮೇಲಿಂದ ಬರಿಗಣ್ಣಿಗೆ ಕಾಣುತ್ತೆ, ಗೊತ್ತಲ್ಲ?"

ಕಾಣೋದಿಲ್ಲ! ಚಾಕಲೇಟು. ತಲೆ ಮೇಲೆ ಕೆಳಗೆ.

"ಶಭಾಷ್! ತಿಳಿದವರು ನೀವು." ಗಿರಾಕಿ ಒಂದು ಗ್ಲೋಬ್ ಎತ್ತಿ ಹುಬ್ಬು ಗಂಟಿಕ್ಕಿದರು. "ಇದೇನ್ರೀ, ಗ್ರೀನ್‌ಲ್ಯಾಂಡ್ ಇಷ್ಟು ಪುಟಾಣಿ? ನಮ್ಮ ಗೋಡೆ ಮೇಲಿನ ನಕ್ಷೇಲಿ ಆಫ್ರಿಕಾದಷ್ಟೇ ಇದೆಯಲ್ಲ!"

ಗುಂಡನೆಯ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವಾಗ ಮೇಲಿನದು ಎಳೆದಂತಾಗಿ ದೊಡ್ಡದಾಗಿ ಕಾಣುತ್ತದೆ, ನಿಜವಾಗಿ ಆಫ್ರಿಕಾದೊಳಗೆ ಹತ್ತಾರು ಗ್ರೀನ್‌ಲ್ಯಾಂಡ್ ಹಿಡಿಸುತ್ತವೆ. ಗ್ಲೋಬೇ ಸರಿ. ಇದನ್ನು ಹೇಳಲಾರದೆ ಗ್ರಹಚಾರ ಮೇಜಿನ ಅಂಚನ್ನು ಹಿಡಿದುಕೊಂಡ. ಯಜಮಾನರೇ ನಡುವೆ ಬಂದರು.

"ಅಂಟು ಕುಡಿದು ಕುಗ್ಗಿಬಿಟ್ಟಿದೆ ಸಾರ್! ಮುಂದಿನ ಸಲ ಎಳೆದು ಸರಿ ಮಾಡ್ತೀವಿ. ಅಲ್ವೇನೋ?"

ಕೊನೆಯ ಚಾಕಲೇಟು. ತಲೆ ಮೇಲೆ ಕೆಳಗೆ. ಹಿಂದೆ ನಿಂತಿದ್ದ ಉಂಡೆ ನಗು ತಡೆಯಲು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ.

ಗ್ರಹಚಾರ ಜೇಬು ತಡಕಿದ. ಬರೀ ಸಿಪ್ಪೆ ಕಾಗದ. ಅದೇ ಹೊತ್ತಿಗೆ ಗಿರಾಕಿ ಅವನ ಮೇಜಿನ ಮೇಲೆ ಅರ್ಧ ಮುಗಿದಿದ್ದ ಗ್ಲೋಬಿಗೆ ಬೆರಳು ಚುಚ್ಚಿದರು. "ಇದು ಸಹಾರಾ. ಜಗತ್ತಿನಲ್ಲೇ ಅತಿ ದೊಡ್ಡ ಮರುಭೂಮಿ. ಇದಕ್ಕಿಂತ ದೊಡ್ಡದು ಇದ್ರೆ ಹೇಳಿ ನೋಡೋಣ!"

ಹೇಳಿ ನೋಡೋಣ ಅಂದರೆ ಏನು ಮಾಡುವುದು? ಮರುಭೂಮಿಗೆ ಮರಳೇ ಬೇಕೆಂದಿಲ್ಲ, ಮಳೆ ಹಿಮ ತೀರ ಕಡಿಮೆ ಬಿದ್ದರೆ ಸಾಕು. ಆ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡದು ಅಂಟಾರ್ಕ್ಟಿಕಾ. ಆ ಹೆಸರು ಹೊಟ್ಟೆಯಿಂದ ಎದ್ದು, ಗಂಟಲು ದಾಟಿ, ತುಟಿಯ ಹತ್ತಿರ ಬಂದೇ ಬಿಟ್ಟಿತು. ತುಟಿ "ಅಂ" ಎಂದಿತು. ಯಜಮಾನರ ಮುಖ ಕಪ್ಪಿಟ್ಟಿತು. ಗ್ರಹಚಾರನ ಕಣ್ಣಿಗೆ ಮೂಲೆಯಲ್ಲಿದ್ದ ಒರಗುವ ಕುರ್ಚಿ ಕಂಡಿತು. ಅವನು ಕೈಗೆ ಸಿಕ್ಕಿದ್ದನ್ನು ತೆಗೆದು ಬಾಯಿಗೆ ತುರುಕಿಕೊಂಡ.

ಸಿಕ್ಕಿದ್ದು ಗ್ಲೋಬಿನ ಬುಡಕ್ಕೆ ಹಾಕಲು ಆಗಷ್ಟೇ ಅಂಟು ಸವರಿಟ್ಟಿದ್ದ ದುಂಡನೆಯ ಟೊಪ್ಪಿ. ಅಂದರೆ, ಅಂಟಾರ್ಕ್ಟಿಕಾ.

ಹಿಮಖಂಡ ಇಡಿಯಾಗಿ ಒಳಗೆ ಹೋಯಿತು. ಮೈದಾ ಅಂಟು ಚಾಕಲೇಟಿನ ಅಂಟಿಗೆ ಸೇರಿ ಮೇಲಿನ ಹಲ್ಲು ಕೆಳಗಿನ ಹಲ್ಲು ಒಂದಾದವು. ನುಂಗಲು ಹೆಣಗುವಾಗ ತಲೆ ನಿಲ್ಲದೆ ಮೇಲೆ ಕೆಳಗೆ ಆಡಿತು, ಪಂಪು ಹೊಡೆದಂತೆ.

"ನೋಡಿ, ನೋಡಿ!" ಗಿರಾಕಿ ಗದ್ಗದಿತರಾದರು. "ಎಷ್ಟು ಸಲ ಒಪ್ತಾರೆ! ಹೋದಲ್ಲೆಲ್ಲಾ ನನ್ ಜೊತೆ ವಾದ ಮಾಡೋರೇ. ಇಂಥ ಪಂಡಿತರನ್ನ ಮೊದಲನೇ ಸಲ ನೋಡ್ತಿರೋದು. ಯಜಮಾನ್ರೇ, ಸಾವಿರ ಗ್ಲೋಬ್ ಬರ್ಕೊಳ್ಳಿ!"

ಯಜಮಾನರು ಕುರ್ಚಿಯನ್ನು ತಾವೇ ಎಳೆದು ತಂದು ಗ್ರಹಚಾರನ ಹಿಂದೆ ಇಟ್ಟರು. ಅವನು ಕೂತ. ಒರಗಿದ. ಬೆನ್ನು ಲಟಕ್ಕೆಂದು ನೆಟ್ಟಗಾಯಿತು. ಅದಕ್ಕಿಂತ ದೊಡ್ಡ ಸುಖ ಎಂಟೂ ಗ್ರಹಗಳಲ್ಲಿ ಹುಡುಕಿದರೂ ಇರಲಾರದು.

"ಒಂದೇ ಷರತ್ತು," ಎಂದರು ಗಿರಾಕಿ. "ಇವ್ರನ್ನ ನನ್ ಜೊತೆ ಕಳಿಸ್ಬೇಕು. ಶಾಲೆಯಿಂದ ಶಾಲೆಗೆ ಹೋಗಿ ಮಕ್ಕಳಿಗೆ ನಾನು ಲೋಕಜ್ಞಾನ ಹೇಳ್ತೀನಿ. ಇವ್ರು ಪಕ್ಕದಲ್ಲಿ ಕೂತು ಹೀಗೇ ತಲೆ ಆಡಿಸಿದ್ರೆ ಆಯ್ತು. ಮಾತಾಡೋ ಕಷ್ಟನೇ ಇಲ್ಲ."

"ಕುರ್ಚಿ ಸಮೇತ ತಗೊಂಡ್ಹೋಗಿ ಸಾರ್!" ಎಂದರು ಯಜಮಾನರು.

"ಊಂ ಊಂ ಊಂ!" ಎಂದ ಗ್ರಹಚಾರ, ಕೈ ಬೀಸುತ್ತಾ.

"ಎಷ್ಟು ಖುಷಿ ನೋಡಿ ಪಾಪ!" ಎಂದು ಗಿರಾಕಿ ಅವನ ಕೈ ಹಿಡಿದು ಕುಲುಕಿದರು. ಸಂಜೆಯೊಳಗೆ ಕುರ್ಚಿ ಅವರ ವ್ಯಾನಿನ ಹಿಂಬದಿಗೆ ಏರಿತ್ತು.

ಮನೆಗೆ ಬಂದವನ ಬಾಯಿಗೆ ಹೆಂಡತಿ ಬಿಸಿನೀರು ಹೊಯ್ದಳು. ಮುಕ್ಕಳಿಸಿ, ಮುಕ್ಕಳಿಸಿ, ಕೊನೆಗೆ ದವಡೆ ಬಿಟ್ಟುಕೊಂಡಿತು. ಗ್ರಹಚಾರ ಬೀದಿಗೇ ಓಡಿ, ದಿನವಿಡೀ ತಡೆದಿಟ್ಟದ್ದನ್ನು ಒಂದೇ ಉಸಿರಿಗೆ ಕಿರುಚಿದ.

"ಜಗತ್ತಿನಲ್ಲೇ ದೊಡ್ಡ ಮರುಭೂಮಿ ಅಂಟಾರ್ಕ್ಟಿಕಾ!"

ಎದುರುಮನೆ ಅಜ್ಜಿ ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ಸುಮ್ನಿರಪ್ಪ, ಬಾಯಿಗೆ ಬಂದಿದ್ದು ಹೇಳ್ಬೇಡ. ದೊಡ್ಡದು ಸಹಾರಾನೇ ಅಂತೆ. ಈಗ್ತಾನೆ ಉಂಡೆ ಹೇಳ್ಹೋದ. ಯಾರೋ ದೊಡ್ಡ ಪಂಡಿತರು ಇವತ್ತು ಎಲ್ಲರ ಮುಂದೆ ತಲೆ ಆಡಿಸಿ ಒಪ್ಪಿಕೊಂಡ್ರಂತೆ."