ಆರೇ ಕಂತಿನ ಮನುಷ್ಯ

ನಮ್ಮ ಮಾಮಾ ಮನುಷ್ಯರಲ್ಲ, ಒಂದು ಬ್ರಿಟಿಷ್ ಸಿಟ್‌ಕಾಮ್! ಟಿವಿಯ ನಗೆ-ಧಾರಾವಾಹಿ ಇರುತ್ತದಲ್ಲ, ಅದು. ಹೀಗೆಂದವನು ನಾನಲ್ಲ, ಸ್ವತಃ ಅವರೇ. ಹುಟ್ಟಿದ್ದು ಗದಗಿನಲ್ಲಿ, ಓದಿದ್ದು ಹುಬ್ಬಳ್ಳಿಯಲ್ಲಿ, ಮೂವತ್ತು ವರ್ಷ ದುಡಿದದ್ದು ಅಬುಧಾಬಿಯಲ್ಲಿ. ಇಂಗ್ಲೆಂಡಿನಲ್ಲಿ ವಿಮಾನ ಬದಲಿಸಲಿಕ್ಕೂ ಇಳಿದವರಲ್ಲ. ಆದರೂ ಅವರ ಪ್ರಕಾರ ಈ ಭೂಮಿಯ ಮೇಲೆ ಇರುವುದು ಎರಡೇ ಜಾತಿಯ ಜನ: ಬ್ರಿಟಿಷ್ ಸಿಟ್‌ಕಾಮಿನವರು, ಅಮೆರಿಕನ್ ಸಿಟ್‌ಕಾಮಿನವರು. ಅವರು ಮೊದಲನೆಯ ಜಾತಿ. ನಾನು, ನನ್ನ ಹೆಂಡತಿ, ಹತ್ತು ವರ್ಷದ ಮಗ, ನಮ್ಮ ಮನೆಯ ಸೋಫಾ ಸಮೇತ ಎರಡನೆಯದು.

ಮಾಮಾ ಎಂದರೆ ನನ್ನ ಅಕ್ಕನ ಗಂಡ. ನಮ್ಮ ಕಡೆ ಹಾಗೆಯೇ ಕರೆಯುವುದು. ವೃತ್ತಿಯಲ್ಲಿ ಲಿಫ್ಟ್ ಇಂಜಿನಿಯರ್. ಅವರ ಮನೆಯಿರುವ ಅಬುಧಾಬಿಯ ಖಾಲಿದಿಯಾ ಬಡಾವಣೆಯಲ್ಲಿ ಅವರು ಒಮ್ಮೆಯಾದರೂ ಬಿಚ್ಚಿ ಜೋಡಿಸದ ಲಿಫ್ಟ್ ಸಿಗುವುದು ಕಷ್ಟ. "ಬಂದ ಲಿಫ್ಟ್ ಬಿಡಬಾರದು" ಎನ್ನುವುದು ಅವರು ಪಾಲಿಸಿಕೊಂಡು ಬಂದಿರುವ ಏಕೈಕ ವ್ರತ. ಅಕ್ಕ ಚಪ್ಪಲಿ ಮೆಟ್ಟುತ್ತಿರಲಿ, ಬಾಗಿಲಿಗೆ ಬೀಗ ಹಾಕುತ್ತಿರಲಿ, ಲಿಫ್ಟ್ ಬಂತೋ ಮಾಮಾ ಹೊರಟರು! ಪಾಪ, ಅಕ್ಕ ಮದುವೆಯಾದಾಗಿನಿಂದ ಮುಂದಿನ ಲಿಫ್ಟಿನಲ್ಲೇ ಇಳಿಯುತ್ತಿದ್ದಾಳೆ.

ಈ ಲಿಫ್ಟೇ ಅವರ ಪ್ರಯೋಗಶಾಲೆ ಕೂಡ.

"ಅಮೆರಿಕಾದಾಂವ ಲಿಫ್ಟ್ ಹತ್ತಿದಾ ಅಂದ್ರ ಹನ್ನೆರಡನೇ ಮಜಲಿ ಮುಟ್ಟೂದ್ರಾಗ ಅವನ ನಾಯಿ ಹೆಸರು ನಿನಗ ಗೊತ್ತಾಗಿರತೈತಿ. ಇಂಗ್ಲಿಷಾಂವ ಹತ್ತಿದಾ ಅಂದ್ರ ಮ್ಯಾಲಿನ ನಂಬರ್ ನೋಡ್ಕೋತ ನಿಂದ್ರತಾನ. ನಡುವ ಲಿಫ್ಟ್ ಕೆಟ್ಟು ನಿಂತರೂ ನಂಬರ್ ನೋಡ್ತಾನ. ನಾ ಹೋಗಿ ಬಾಗಲಾ ತಗದರ 'ಸಾರಿ' ಅಂತಾನ. ಕೆಟ್ಟಿದ್ದು ನಮ್ಮ ಲಿಫ್ಟು, ಸಾರಿ ಅವಂದು!"

ಅಮೆರಿಕನ್ ಸಿಟ್‌ಕಾಮಿನಲ್ಲಿ ಎಲ್ಲರ ಹಲ್ಲೂ ಸಾಲಾಗಿ ಬೆಳ್ಳಗಿರುತ್ತವಂತೆ. ಸೋಫಾ ಗೋಡೆ ಬಿಟ್ಟು ನಟ್ಟನಡುವೆ, ಕ್ಯಾಮೆರಾದ ಎದುರಿಗೇ ಇರುತ್ತದಂತೆ. ಪಕ್ಕದ ಮನೆಯವನು ಬಾಗಿಲು ತಟ್ಟದೆ ಒಳಗೆ ಬರುತ್ತಾನಂತೆ. ಎಂಥ ಜಗಳವಾದರೂ ಕೊನೆಯ ಎರಡು ನಿಮಿಷದಲ್ಲಿ ಅಪ್ಪಿಕೊಂಡು, ಏನಾದರೊಂದು ಪಾಠ ಕಲಿತು ಏಳುತ್ತಾರಂತೆ. ವರ್ಷಕ್ಕೆ ಇಪ್ಪತ್ತಕ್ಕೂ ಹೆಚ್ಚು ಕಂತು, ಬರೆಯಲು ಒಂದು ಕೋಣೆ ತುಂಬ ಜನ! ಬ್ರಿಟಿಷರದ್ದು ಆರೇ ಕಂತು, ಬರೆಯುವವರು ಒಬ್ಬರೋ ಇಬ್ಬರೋ. ಮೊದಲನೇ ಕಂತಿನಲ್ಲಿ ಮರ್ಯಾದೆ ಕಳೆದುಕೊಂಡ ನಾಯಕ ಆರನೆಯದರಲ್ಲೂ ಅದೇ ಕುರ್ಚಿಯಲ್ಲಿ ಕೂತು ಮತ್ತೆ ಕಳೆದುಕೊಳ್ಳುತ್ತಾನೆ. ಯಾರೂ ಏನನ್ನೂ ಕಲಿಯುವುದಿಲ್ಲ. ಅಪ್ಪುಗೆಯಂತೂ ದೂರದ ಮಾತು. ಪ್ರೀತಿಯಿದ್ದರೆ ಬೈಯುತ್ತಾರೆ, ಬಹಳ ಪ್ರೀತಿಯಿದ್ದರೆ ಚಹಾ ಕೊಟ್ಟು ಬೈಯುತ್ತಾರೆ.

"ಅಂದ್ರ ನಮ್ಮ ಗದಗಿನ ಮಂದಿ ಇದ್ದಂಗ ಅನ್ರಿ," ಎಂದೆ ನಾನೊಮ್ಮೆ.

"ಮತ್ತೇನಲೇ! ನಮ್ಮನ್ನ ಆಳಾಕ ಬಂದಾಗ ಕಲ್ತು ಹೋಗ್ಯಾರ!"

ನಾವಿರುವುದು ದುಬೈ ಸಿಲಿಕಾನ್ ಓಯಸಿಸ್‌ನಲ್ಲಿ. ಮಾಮಾ ಅಬುಧಾಬಿಯಿಂದ ಒಂದೂವರೆ ಗಂಟೆ ಕಾರು ಓಡಿಸಿಕೊಂಡು ಬರುತ್ತಾರೆ, ಬಂದು ನಲವತ್ತು ನಿಮಿಷ ಕೂರುತ್ತಾರೆ, ಮಾತು ರಂಗೇರಿತು ಎನ್ನುವಾಗ ದಿಢೀರನೆ ಎದ್ದು ನಿಲ್ಲುತ್ತಾರೆ! ಉಡುಪಿಯವಳಾದ ನನ್ನ ಹೆಂಡತಿಗೆ ಇದು ಇಂದಿಗೂ ಅರ್ಥವಾಗಿಲ್ಲ.

"ಎಂತದು ಮಾಮಾ, ಈಗಷ್ಟೇ ಬಂದದ್ದಲ್ವಾ? ನೀರ್ದೋಸೆ ಹಾಕ್ತಾ ಇದ್ದೇನೆ ನೋಡಿ."

"ಚಂದ ಇದ್ದಾಗ ಎದ್ದು ಹೋಗಬೇಕವಾ. ಏಳನೇ ಕಂತು ಯಾವತ್ತೂ ಸಪ್ಪಗ ಇರತೈತಿ."

ಹಾಗೆಂದು ನೀರ್ದೋಸೆ ಬಿಟ್ಟು ಹೋದರೆಂದು ತಿಳಿಯಬೇಡಿ. ಡಬ್ಬಿಯಲ್ಲಿ ಕಟ್ಟಿಸಿಕೊಂಡೇ ಹೋಗುವುದು! ಹೋಗುವಾಗ ಹಾಲಿನ ನಟ್ಟನಡುವೆ ಇರುವ ನಮ್ಮ ಸೋಫಾದ ಕಡೆ ಒಂದು ನೋಟ. "ನೀವೇನು ಕ್ಯಾಮೆರಾಕ್ಕ ಮಾರಿ ತೋರ್ಸಿ ಕುಂದ್ರತೀರೇನು? ಅಮೆರಿಕನ್ ಮನಿ!"

ಒಮ್ಮೆ ನನ್ನ ಮಗ ಅಮೆರಿಕದ ಪಕ್ಷ ವಹಿಸಿದ. "ಮಾಮಾ, ಯುವರ್ ಪೀಪಲ್ ಆರ್ ಸೋ ಸ್ಯಾಡ್!"

"ಅದಕ್ಕ ನಗು ಬರತೈತಿ. ಸುಖದಾಗ ಇರಾವನ್ನ ನೋಡಿ ಯಾರರ ನಗತಾರೇನು? ಹೊಟ್ಟಿ ಉರೀತೈತಿ."

ಮಗ ಯೋಚನೆಗೆ ಬಿದ್ದ. ನಾನೂ ಬಿದ್ದೆ ಅನ್ನಿ.

ಈ ಪಾಂಡಿತ್ಯವೆಲ್ಲ ಎಲ್ಲಿಂದ ಬಂತು ಎಂದು ಕೇಳುತ್ತೀರಾ? ಅದಕ್ಕೆ ಹದಿನೆಂಟು ವರ್ಷ ಹಿಂದೆ ಹೋಗಬೇಕು. ಆಗ ನಾನು ಸಿವಿಲ್ ಇಂಜಿನಿಯರಿಂಗ್ ಪಾಸಾಗಿ, ವಿಸಿಟ್ ವೀಸಾದಲ್ಲಿ ಬಂದು, ಅಕ್ಕನ ಮನೆಯ ಹಾಲಿನ ಸೋಫಾದ ಮೇಲೆ ಬೀಡುಬಿಟ್ಟಿದ್ದೆ. ಗಲ್ಫಿನಲ್ಲಿ ಕೆಲಸ ಹುಡುಕಿದ ಅರ್ಧ ಜನ ಯಾರದೋ ಒಂದು ಸೋಫಾದ ಮೇಲೆ ಮಲಗಿ ಎದ್ದವರೇ. ನನ್ನದು ಕಂದು ಬಣ್ಣದ್ದು, ಗೋಡೆಗೆ ಒತ್ತಿ ಇಟ್ಟದ್ದು, ಒಂದು ಸ್ಪ್ರಿಂಗ್ ಸೊಂಟಕ್ಕೆ ಸರಿಯಾಗಿ ಎದ್ದು ನಿಂತದ್ದು. ಐದು ತಿಂಗಳು ಅದರ ಮೇಲೆ ಕಳೆದೆ.

ಸಂದರ್ಶನ ಮಾಡುವ ಮ್ಯಾನೇಜರುಗಳೆಲ್ಲ ಇಂಗ್ಲಿಷರು. ನನಗೋ ಅವರೆಂದರೆ ಅಂಜಿಕೆ. ಏನು ಕೇಳಿದರೂ ನಕ್ಕು "ಯೆಸ್ ಸರ್" ಎಂದು ಬರುತ್ತಿದ್ದೆ. ಒಬ್ಬರು ನನ್ನ ಕಾಲೇಜಿನ ಸೇತುವೆಯ ಡ್ರಾಯಿಂಗ್ ನೋಡಿ "ವೆರಿ ಬ್ರೇವ್" ಎಂದರು. ಕೆಲಸ ಆಯಿತೆಂದೇ ತಿಳಿದು ಪೇಢೆ ತಂದು ಇಡೀ ಬಿಲ್ಡಿಂಗಿಗೆ ಹಂಚಿದೆ. ಮಾಮಾ ಎರಡು ಪೇಢೆ ತಿಂದು ಮುಗಿಸಿ ನಿಧಾನವಾಗಿ ಕೇಳಿದರು.

"ಅವ ಖರೇ ಏನಂದಾ?"

"ವೆರಿ ಬ್ರೇವ್ ಅಂದ್ರು."

"ತಮ್ಮಾ, ಇಂಗ್ಲಿಷಾಂವ ಬ್ರೇವ್ ಅಂದ್ರ, ಈ ಸೇತುವಿ ಮ್ಯಾಲೆ ನಾ ಕಾಲಿಡೂದಿಲ್ಲ ಅಂತ. 'ನಾಟ್ ಬ್ಯಾಡ್' ಅಂದಿದ್ರ ಪೇಢೆ ಹಂಚಬೇಕಿತ್ತು. ಅದಕ್ಕಿಂತ ದೊಡ್ಡ ಮಾತು ಅವರ ಬಾಯಾಗ ಇಲ್ಲ."

"ಮತ್ತ ನೀವು ಪೇಢೆ ತಿಂದ್ರೆಲ್ಲಾ?"

"ಹಂಚಿದ್ದು ಬಿಡಬಾರದು."

ಆ ಕೆಲಸ ಸಿಗಲಿಲ್ಲವೆಂದು ಬೇರೆ ಹೇಳಬೇಕೆ? ನಾನು ಮೂರು ದಿನ ಗೋಡೆಗೆ ಮುಖ ಮಾಡಿ ಮಲಗಿದೆ. ನಾಲ್ಕನೇ ದಿನ ಮಾಮಾ ಒಂದು ರಟ್ಟಿನ ಪೆಟ್ಟಿಗೆ ಹೊತ್ತು ತಂದರು. ತುಂಬ ಡಿವಿಡಿಗಳು, ಎಲ್ಲ ಸಿಟ್‌ಕಾಮ್. "ಆಫೀಸಿನ ಇಂಗ್ಲಿಷಾಂವ ಊರಿಗೆ ಹೊಂಟಾನ. ಕಸಕ್ಕ ಹಾಕಾವ ಇದ್ದ, ತಂದೆ. ಸರೀ ಅತ್ತಾಗ." ಅಂದಿನಿಂದ ದಿನಾ ಸಂಜೆ, ಕೆಲಸದಿಂದ ಬಂದವರೇ ಕಾಲುಚೀಲವನ್ನೂ ಬಿಚ್ಚದೆ ನನ್ನ ಪಕ್ಕ ಕೂತು ಒಂದರ ಹಿಂದೊಂದು ನೋಡುವುದು. ನಡುವೆ ನಿಲ್ಲಿಸಿ, "ಈಗ ಅವ ಏನಂದಾ? ಅಂದ್ರ ಏನು?" ಎಂದು ಪರೀಕ್ಷೆ ಬೇರೆ! ಎಂಥ ಹುಚ್ಚು ಹಿಡಿಯಿತಪ್ಪಾ ಈ ಮನುಷ್ಯನಿಗೆ ಎಂದುಕೊಂಡೆ. ಕಡೆಗೊಂದು ಸಂದರ್ಶನದಲ್ಲಿ ಮ್ಯಾನೇಜರು ಮುಖ ಗಂಟಿಕ್ಕಿಕೊಂಡು ಏನೋ ಅಂದರು. ಅದು ತಮಾಷೆ ಎಂದು ಥಟ್ಟನೆ ಹೊಳೆದು ನಕ್ಕೆ. ಕೆಲಸ ಸಿಕ್ಕಿತು. ಮಾಮಾನ ಹುಚ್ಚಿನಿಂದ ನನಗೆ ಲಾಭವಾಯಿತು ಎಂದೇ ಇಷ್ಟು ವರ್ಷ ನಂಬಿದ್ದೆ.

ಈಗ ಮಾಮಾ ನಿವೃತ್ತರಾದರು. ವೀಸಾ ಮುಗಿಯುವ ಮೊದಲು ಹುಬ್ಬಳ್ಳಿಗೆ ಹೊರಡಬೇಕು. ಇಲ್ಲಿ ಯಾರೇ ಹೊರಟರೂ ನಮ್ಮವರು ಸೆಂಡ್-ಆಫ್ ಕೊಡದೆ ಬಿಡುವುದಿಲ್ಲ. ಶಾಲು, ಹಾರ, ಪೇಟ, ಒಂದು ಫಲಕ, ಒಬ್ಬೊಬ್ಬರದೂ ಹತ್ತು ನಿಮಿಷದ ಭಾಷಣ. ಮಾಮಾ ಮೊದಲೇ ಎಚ್ಚರಿಸಿದ್ದರು. "ಕಡೇ ಕಂತು ಅಂತ ಒಂದು ತಾಸು ಎಳದು ಅಳಸೂದು ಅಮೆರಿಕನ್ ಚಟ. ನಂದು ಆತಂದ್ರ ಆತು. ಖಲಾಸ್."

ನಾನು ಕೇಳಲಿಲ್ಲ. ಕೇಳುವುದು ಹೇಗೆ ಸಾಧ್ಯ? ಹದಿನೆಂಟು ವರ್ಷದಲ್ಲಿ ಒಮ್ಮೆಯೂ ಈ ಮನುಷ್ಯನಿಗೆ ಥ್ಯಾಂಕ್ಸ್ ಹೇಳಿರಲಿಲ್ಲ. ಹೇಳಲು ಬಾಯಿ ತೆರೆದರೆ ಬೈಗುಳ ಬರುತ್ತಿತ್ತು. ಎಲ್ಲರ ಎದುರು ಹೇಳಿದರೆ ತಡೆಯಲಾರರು ಎಂದು ಲೆಕ್ಕ ಹಾಕಿ, ಮಗನ ಹುಟ್ಟುಹಬ್ಬ ಎಂದು ಸುಳ್ಳು ಹೇಳಿ ಹೋಟೆಲಿಗೆ ಕರೆಸಿದೆ. ಶಾಲು ಹೊದಿಸಿಕೊಂಡರು, ಪೇಟ ತೊಡಿಸಿಕೊಂಡರು, ಮೈಕು ಹಿಡಿದು, "ಎಲ್ಲಾರೂ ಉಂಡು ಹೋಗ್ರಿ. ಪಲ್ಯಾದಾಗ ಉಪ್ಪು ಕಡಿಮಿ ಐತಿ" ಎಂದು ಕೂತರು. ನಾನು ನಾಲ್ಕು ಹಾಳೆ ಬರೆದು ತಂದಿದ್ದೆ. "ಒಂದು ಸೋಫಾದ ಕಥೆಯಿಂದ ಆರಂಭಿಸುತ್ತೇನೆ" ಎಂದದ್ದಷ್ಟೇ. "ಯಲ್ಲಾ, ನಡೀರಿ, ಊಟಕ್ಕ ಏಳ್ರಿ!" ಎಂದು ಪೇಟದ ಕೆಳಗಿನಿಂದ ಒಂದು ಗರ್ಜನೆ! ಜನರಿಗೂ ಅದೇ ಬೇಕಿತ್ತು, ಎದ್ದೇಬಿಟ್ಟರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕಡೆಗೆ ಹಲ್ಲು ಕಚ್ಚಿ ಕೇಳಿದೆ, "ಕಾರ್ಯಕ್ರಮ ಹೆಂಗಿತ್ತು ಮಾಮಾ?"

"ಭಾಳ ಬ್ರೇವ್."

ಹೊರಡುವ ದಿನ ಬೆಳಿಗ್ಗೆಯೇ ಖಾಲಿದಿಯಾಕ್ಕೆ ಹೋದೆ, ಆ ನಾಲ್ಕು ಹಾಳೆಗಳನ್ನು ಕಿಸೆಯಲ್ಲಿಟ್ಟುಕೊಂಡೇ. ಇವತ್ತು ಹೇಳದಿದ್ದರೆ ಇನ್ನು ಯಾವಾಗ? ಮನೆ ಖಾಲಿಯಾಗಿತ್ತು. ಉಳಿದದ್ದು ಆ ಕಂದು ಸೋಫಾ, ಅದರ ಮೇಲೆ ರಟ್ಟಿನ ಪೆಟ್ಟಿಗೆ. ಮಾಮಾ ಕಾರ್ಗೋದವರ ಜೊತೆ ಕೆಳಗೆ ಹೋಗಿದ್ದರು.

"ಅಕ್ಕಾ, ಮಾಮಾ ಇಷ್ಟು ಪ್ರೀತೀಲೆ ನೋಡಿದ ಡಿವಿಡಿ, ಒಯ್ಯೂದಿಲ್ಲೇನು?"

ಅಕ್ಕ ನಕ್ಕಳು. "ಪ್ರೀತಿ ಎಲ್ಲೀದೋ ತಮ್ಮಾ? ನೀ ಬರೂ ತನಕಾ ಕ್ರಿಕೆಟ್ ಬಿಟ್ರ ಟಿವಿ ಮುಂದ ಕುಂತವರಲ್ಲ. ನಿನಗ ಕೆಲಸ ಸಿಕ್ಕ ಮ್ಯಾಲೆ ಆ ಪೆಟಗಿ ಒಮ್ಮೆನೂ ತಗದಿಲ್ಲ."

"ಮತ್ತ ಇಂಗ್ಲಿಷಾಂವ ಕಸಕ್ಕ ಹಾಕಾವ ಇದ್ದಾ ಅಂದಿದ್ರು?"

"ಯಾವ ಕಸಾನೂ ಇಲ್ಲ. ನೀ ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ್ದೆಲ್ಲಾ, ಇವರಿಗೆ ಊಟ ಇಳೀಲಿಲ್ಲ. ಸಮಾಧಾನ ಮಾಡಾಕಂತೂ ಬರೂದಿಲ್ಲ. ಆಫೀಸಿನ ಇಂಗ್ಲಿಷರ ಟೇಬಲ್ ಟೇಬಲ್‌ಗೆ ಹೋಗಿ ಕೇಳ್ಯಾರ, 'ನಿಮ್ಮ ಮಂದಿ ಮನಿಯಾಗ ಏನು ನೋಡಿ ನಗತೀರಿ? ನಮ್ಮ ಹುಡುಗಗ ನಿಮ್ಮನ್ನ ಕಂಡ್ರ ಅಂಜಿಕಿ ಬರತೈತಿ' ಅಂತ. ಒಬ್ಬೊಬ್ಬರು ಒಂದೊಂದು ಕೊಟ್ಟಿದ್ದು ಇವೆಲ್ಲಾ. ಮದಲಿನ ತಿಂಗಳು ಅವರಿಗೂ ಏನೂ ತಿಳೀತಿರಲಿಲ್ಲ. ನೀ ನಕ್ಕಾಗ ತಾವೂ ನಗತಿದ್ರು."

ಹದಿನೆಂಟು ವರ್ಷ ನಾನು ಆಡಿಕೊಂಡು ನಗುತ್ತಿದ್ದ ಆ ಹುಚ್ಚು ನನ್ನದೇ ಸಲುವಾಗಿ ಹಚ್ಚಿಕೊಂಡದ್ದಾಗಿತ್ತು. ಕಿಸೆಯ ನಾಲ್ಕು ಹಾಳೆಯಲ್ಲಿ ಇದರ ಒಂದಕ್ಷರವೂ ಇರಲಿಲ್ಲ.

ಅಷ್ಟರಲ್ಲಿ ಮಾಮಾ ಮೇಲೆ ಬಂದರು. "ಯಾಕಲೇ, ಮಾರಿ ಹಂಗ್ಯಾಕ ಮಾಡಿ?"

ಹಾಳೆಗಳನ್ನು ತೆಗೆಯಲಿಲ್ಲ. ಅವರಿಗೆ ತಿಳಿಯುವ ಭಾಷೆಯಲ್ಲಿ ಹೇಳಿದೆ.

"ಮಾಮಾ, ನಿಮ್ಮ ಈ ಸೋಫಾ ಭಾಳ ಕೆಟ್ಟ ಇತ್ತು ನೋಡ್ರಿ. ಐದ್ ತಿಂಗಳು ನನ್ನ ಸೊಂಟಾ ಮುರೀತು."

ಮಾಮಾ ನನ್ನನ್ನು ನೋಡಿದರು, ಅಕ್ಕನನ್ನು ನೋಡಿದರು, ಪೆಟ್ಟಿಗೆಯನ್ನು ನೋಡಿದರು. ಯಾರು ಬಾಯಿ ಬಿಟ್ಟರೆಂದು ತಿಳಿಯಿತು.

"ನಾಟ್ ಬ್ಯಾಡ್," ಎಂದರು. ಆಮೇಲೆ, "ನಿಂದೊಂದ ಮುರೀತೇನಲೇ? ದಿನಾ ಬಾಜೂಕ ಕುಂತಾಂವ ಯಾರು?"

ಸೂಟ್‌ಕೇಸು ಹಿಡಿದು ಮೂವರೂ ಹೊರಗೆ ಬಂದೆವು. ಅಕ್ಕ ಚಪ್ಪಲಿ ಮೆಟ್ಟುತ್ತಿದ್ದಳು. ನನಗೆ ಅಳು ತಡೆಯಲಾಗಲಿಲ್ಲ, ನಲವತ್ತು ದಾಟಿದ ಗಂಡಸು ಕಾರಿಡಾರಿನಲ್ಲಿ ನಿಂತು ಬಿಕ್ಕಿದೆ. "ಥೂ, ಅಮೆರಿಕನ್!" ಎಂದು ಗೊಣಗಿ ಮಾಮಾ ನನ್ನ ಹೆಗಲ ಮೇಲೆ ಕೈ ಇಟ್ಟರು. ಲಿಫ್ಟ್ ಬಂತು. ಬಾಗಿಲು ತೆರೆಯಿತು, ಸ್ವಲ್ಪ ಹೊತ್ತು ಕಾಯಿತು, ಮುಚ್ಚಿಕೊಂಡು ನಮ್ಮನ್ನು ಬಿಟ್ಟು ಇಳಿದುಹೋಯಿತು. ಮಾಮಾ ಕೈ ತೆಗೆಯಲಿಲ್ಲ.